ಗಿಡಮೂಲಿಕೆ ಸತ್ವ ವೀರ್ಯಾಣುಗಳನ್ನು ಓಡಿಸುತ್ತದಾ, ಕೊಲ್ಲುತ್ತದಾ?

ಮೂರನೇಬೆಂಚು

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಔಷಧಿ ಗಿಡಗಳ ಸತ್ವ ಮತ್ತು ವೀರ್ಯಾಣುಗಳ ಚಲನೆ ಅನ್ನೋ ವಿಷಯ ತೆಗೆದುಕೊಂಡಿದ್ದೇನೆ. ಓದಿದಷ್ಟೂ ತಲೆ ಕೆಡುತ್ತಿದೆ. ಒಂದು ಕಡೆ ಗಿಡದ ಸತ್ವ ಹಾಕಿದರೆ ವೀರ್ಯಾಣು ಚುರುಕಾಗುತ್ತವೆ, ಜಾಸ್ತಿ ಹೊತ್ತು ಬದುಕುತ್ತವೆ ಅಂತ ಇರುತ್ತದೆ. ಇನ್ನೊಂದು ಕಡೆ ಅದೇ ಜಾತಿಯ ಗಿಡ, ಅದೇ ಎಲೆ, ಎಲ್ಲವೂ ನಿಂತೇ ಹೋದವು ಅಂತ ಇರುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅಂತ ಇಟ್ಟುಕೊಂಡರೂ ಎರಡೂ ನಿಜ ಆಗೋದು ಹೇಗೆ? ಲ್ಯಾಬ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಸೂಕ್ಷ್ಮದರ್ಶಿ

ಎರಡೂ ನಿಜ ಆಗಬಹುದು ಮೇಡಂ, ಅದರಲ್ಲಿ ಆಶ್ಚರ್ಯ ಇಲ್ಲ. ನಾನು ವೀರ್ಯ ಪರೀಕ್ಷೆಯ ಲ್ಯಾಬ್‌ನಲ್ಲೇ ಕೂರುವವನು, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲನೆಯದು ಪ್ರಮಾಣ. ವೀರ್ಯಾಣುವಿನ ಹೊರಪೊರೆಯಲ್ಲಿ ಬೇಗ ಆಕ್ಸಿಡೀಕರಣ ಆಗುವಂಥ ಕೊಬ್ಬು ತುಂಬಿಕೊಂಡಿದೆ. ಅದನ್ನು ರಿಪೇರಿ ಮಾಡಿಕೊಳ್ಳುವ ಸಾಮಗ್ರಿ ಮಾತ್ರ ಆ ಜೀವಕೋಶದಲ್ಲಿ ತೀರಾ ಕಡಿಮೆ. ಹಾಗಾಗಿ ಆಮ್ಲಜನಕ ಜಾಸ್ತಿಯಾದರೆ ಕುಸಿಯುತ್ತದೆ. ಇದನ್ನು ಜಾನ್ ಮ್ಯಾಕ್ಲಿಯೋಡ್ 1943ರಲ್ಲೇ ತೋರಿಸಿದ್ದರು, ಕೆಟಲೇಸ್ ಎಂಬ ಕಿಣ್ವ ಹಾಕಿದರೆ ಚಲನೆ ಉಳಿಯುತ್ತದೆ ಅಂತಲೂ. ಗಿಡಗಳಲ್ಲಿರುವ, ಆಕ್ಸಿಡೀಕರಣ ತಡೆಯುವ ಪಾಲಿಫಿನಾಲ್‌ಗಳು ಮಾಡುವುದು ಹೆಚ್ಚುಕಡಿಮೆ ಅದೇ ಕೆಲಸ. ಆದರೆ ಮೊಟ್ಟೆಯ ಹತ್ತಿರ ಹೋಗಿ ಒಳಹೊಕ್ಕಲು ಸಿದ್ಧವಾಗಬೇಕಾದರೆ ವೀರ್ಯಾಣುವಿಗೆ ಇದೇ ಆಕ್ಸಿಡೀಕರಣದ ಒಂದು ಚೂರು ಬೇಕೇ ಬೇಕು. ಪೂರ್ತಿ ಒರೆಸಿಹಾಕಿದರೂ ಕೆಲಸ ಕೆಡುತ್ತದೆ. ಜೊತೆಗೆ ಪಾಲಿಫಿನಾಲ್ ಜಾಸ್ತಿಯಾದಾಗ ತಾನೇ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಗ್ರೀನ್ ಟೀಯಲ್ಲಿರುವ ಇಜಿಸಿಜಿ ಎಂಬ ಪಾಲಿಫಿನಾಲ್ ನೋಡಿ. ಕಡಿಮೆ ಹಾಕಿದಾಗ ಬದುಕುವ ಅವಧಿ ಹೆಚ್ಚುತ್ತದೆ, ಜಾಸ್ತಿ ಹಾಕಿದರೆ ಫಲಿತಾಂಶ ಉಲ್ಟಾ.

ಎರಡನೆಯದು ಸತ್ವ ತೆಗೆದ ರೀತಿ. ನೀರಿನಲ್ಲಿ ಕುದಿಸಿದ್ದು, ಆಲ್ಕೋಹಾಲ್‌ನಲ್ಲಿ ನೆನೆಸಿದ್ದು, ಎಣ್ಣೆಯಂಶ ಕರಗಿಸುವ ಹೆಕ್ಸೇನ್‌ನಲ್ಲಿ ಎಳೆದದ್ದು, ಇವು ಮೂರೂ ಒಂದೇ ಎಲೆಯಿಂದ ಬಂದಿದ್ದರೂ ಬೇರೆ ಬೇರೆ ವಸ್ತು. ಹೆಸರು ಒಂದೇ ಅಷ್ಟೇ.

ಮೂರನೆಯದು ಯಾರೂ ಜಾಸ್ತಿ ಮಾತಾಡದ ವಿಷಯ. ಎಷ್ಟೋ ಸಲ ಕೊಂದದ್ದು ಗಿಡವೇ ಅಲ್ಲ! ಸತ್ವ ಕರಗಿಸಿದ ಆಲ್ಕೋಹಾಲೋ ಡಿಎಂಎಸ್‌ಒವೋ ಕೊಂದಿರುತ್ತದೆ. ಇಲ್ಲವೇ ಸತ್ವ ಹುಳಿಯಾಗಿದ್ದು ದ್ರಾವಣದ ಪಿಎಚ್ ಇಳಿದಿರುತ್ತದೆ. ಇಲ್ಲವೇ ಉಪ್ಪಿನಂಶದ ಲೆಕ್ಕ ತಪ್ಪಿರುತ್ತದೆ. ವೀರ್ಯಾಣುವನ್ನು ತೆಳು ದ್ರಾವಣಕ್ಕೆ ಹಾಕಿದರೆ ನೀರು ಒಳಗೆ ನುಗ್ಗಿ ಬಾಲ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಲೈಡ್‌ನಲ್ಲಿ ನೋಡಿದರೆ ತಲೆ ನೆಟ್ಟಗೆ, ಬಾಲದ ತುದಿ ಕೊಕ್ಕೆ ಥರ ಮಡಚಿಕೊಂಡು ಅಲ್ಲೇ ಮಿಸುಕಾಡುತ್ತಿರುತ್ತದೆ. ಅದು ಸತ್ತಿಲ್ಲ. ಸುರುಳಿ ಸುತ್ತಿದೆ ಅಂದರೆ ಪೊರೆ ಸರಿಯಾಗಿದೆ ಅಂತಲೇ ಅರ್ಥ. ಆದರೆ ಮುಂದೆ ಹೋಗುತ್ತಿಲ್ಲವಲ್ಲ, ಅದಕ್ಕೇ ಪಟ್ಟಿಯಲ್ಲಿ "ಚಲನೆ ಇಲ್ಲ" ಅಂತ ಬರೆದುಬಿಡುತ್ತಾರೆ.

ಸುಮ್ನೆಓದುವವ

ಇದೆಲ್ಲ ಆಗಬಹುದು, ಹೋಗಬಹುದು ಅನ್ನೋ ಮಾತಾಯ್ತು. ಖಂಡಿತ ಪರಿಣಾಮ ಇದೆ ಅಂತ ಎದೆ ತಟ್ಟಿ ಹೇಳಬಹುದಾದ ಗಿಡ ಯಾವುದಾದರೂ ಇದೆಯಾ?

ಎಲೆಮರೆಕಾಯಿ

ಇವೆ. ಆದರೆ ಎದೆ ತಟ್ಟಿ ಹೇಳಬಹುದಾದವು ಬಹುತೇಕ ಕೊಲ್ಲುವ ಅಥವಾ ನಿಲ್ಲಿಸುವ ಕಡೆಯವೇ. ಗಿಡಮೂಲಿಕೆ ಅಂದರೆ ಶಕ್ತಿ ಬರುತ್ತೆ ಅಂತ ನಂಬಿದವರಿಗೆ ಕೇಳಲು ಕಹಿ.

ಅಂಟುವಾಳದ ಕಾಯಿ ತಗೊಳ್ಳಿ. ನೊರೆ ಕೊಡುವ ಸಪೋನಿನ್ ಪೊರೆಯಲ್ಲಿರುವ ಕೊಲೆಸ್ಟರಾಲ್‌ಗೆ ಅಂಟಿಕೊಂಡು ತೂತು ಕೊರೆಯುತ್ತದೆ. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಇದರಿಂದಲೇ ಕಾನ್ಸ್ಯಾಪ್ ಎಂಬ ಗರ್ಭನಿರೋಧಕ ಕ್ರೀಮ್ ತಯಾರಿಸಿತು. ಬೇವಿನ ಎಣ್ಣೆಯದು ಇನ್ನೂ ಜೋರು. 1984ರಲ್ಲಿ ಪ್ರಕಟವಾದ ಕೆಲಸದಲ್ಲಿ ಮನುಷ್ಯರ ವೀರ್ಯಾಣುಗಳು ಅದರ ಸಂಪರ್ಕಕ್ಕೆ ಬಂದ 30 ಸೆಕೆಂಡಿನಲ್ಲಿ ನಿಂತುಬಿಟ್ಟವು.

ಇವು ನೇರವಾಗಿ ತಾಗಿದಾಗ ಕೆಲಸ ಮಾಡುವವು. ಹೊಟ್ಟೆಗೆ ಹೋಗಿ ಕೆಲಸ ಮಾಡಿದ್ದಕ್ಕೆ ದೊಡ್ಡ ಉದಾಹರಣೆ ಹತ್ತಿ ಬೀಜದ ಗಾಸಿಪಾಲ್. ಚೀನಾದಲ್ಲಿ ಸರಿಯಾಗಿ ಶುದ್ಧ ಮಾಡದ ಹತ್ತಿ ಬೀಜದ ಎಣ್ಣೆ ಬಳಸುತ್ತಿದ್ದ ಹಳ್ಳಿಗಳಲ್ಲಿ ಮಕ್ಕಳೇ ಆಗುತ್ತಿರಲಿಲ್ಲ. ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಇದು. 1970ರ ದಶಕದಲ್ಲಿ 8,000ಕ್ಕೂ ಹೆಚ್ಚು ಗಂಡಸರಿಗೆ ಗಂಡಸರ ಗರ್ಭನಿರೋಧಕ ಮಾತ್ರೆಯಾಗಿ ಕೊಟ್ಟು ನೋಡಿದರು. ಕೆಲಸವೇನೋ ಚೆನ್ನಾಗಿ ಮಾಡಿತು. ಆದರೆ ಕೆಲವರಲ್ಲಿ ರಕ್ತದ ಪೊಟ್ಯಾಸಿಯಂ ಕುಸಿದು ಕೈಕಾಲು ಸೋತವು. ಇನ್ನೂ ಕೆಲವರಲ್ಲಿ ಮಾತ್ರೆ ನಿಲ್ಲಿಸಿದ ಮೇಲೂ ವೀರ್ಯಾಣು ವಾಪಸ್ ಬರಲೇ ಇಲ್ಲ. ಕೊನೆಗೆ ಆ ದಾರಿ ಕೈಬಿಟ್ಟರು.

ಈಚಿನದು ಬೇಕಾದರೆ ಟ್ರಿಪ್ಟೆರಿಜಿಯಂ ವಿಲ್ಫೋರ್ಡಿ ಅಂತ ಚೀನೀ ಬಳ್ಳಿ. ಸಂಧಿವಾತಕ್ಕೆ ಇದನ್ನು ತಿನ್ನುತ್ತಿದ್ದ ಗಂಡಸರಲ್ಲಿ ವೀರ್ಯಾಣು ಕುಸಿದದ್ದು ಮೊದಲ ಸುಳಿವು. 2021ರಲ್ಲಿ ಇದರಲ್ಲಿರುವ ಟ್ರಿಪ್ಟೋನೈಡ್ ಎಂಬ ವಸ್ತು ಕೊಟ್ಟಾಗ ಇಲಿಗಳಲ್ಲೂ ಮಂಗಗಳಲ್ಲೂ ವೀರ್ಯಾಣುಗಳ ಆಕಾರ ಕೆಟ್ಟು ಚಲನೆ ನಿಂತಿತು, ಔಷಧಿ ನಿಲ್ಲಿಸಿದ ಮೇಲೆ ಸರಿಹೋಯಿತು. ಅದೇ ಬಳ್ಳಿಯ ಪ್ರಿಸ್ಟಿಮೆರಿನ್‌ನದು ಇನ್ನೊಂದು ದಾರಿ. ಬಾಲದಲ್ಲಿ ಕ್ಯಾಟ್‌ಸ್ಪರ್ ಅಂತ ಕ್ಯಾಲ್ಸಿಯಂ ಬಾಗಿಲು ಇದೆ, ಪ್ರೊಜೆಸ್ಟರಾನ್ ಹಾರ್ಮೋನ್ ಬಂದು ತಟ್ಟಿದರೆ ತೆರೆದುಕೊಂಡು ಬಾಲ ಜೋರಾಗಿ ಬಡಿಯಲು ಶುರು ಮಾಡುತ್ತದೆ. ಪ್ರಿಸ್ಟಿಮೆರಿನ್ ಮತ್ತು ಮಾವಿನಂಥ ಬೇರೆ ಗಿಡಗಳಲ್ಲಿರುವ ಲುಪಿಯಾಲ್ ಎರಡೂ ಆ ಸೂಚನೆ ತಲುಪದಂತೆ ತಡೆಯುತ್ತವೆ ಅಂತ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ತಂಡ 2017ರಲ್ಲಿ ತೋರಿಸಿತು. ಇಲ್ಲಿ ವೀರ್ಯಾಣು ಸಾಯುವುದಿಲ್ಲ, ಈಜುತ್ತಲೇ ಇರುತ್ತದೆ. ಕೊನೆಯ ಜೋರು ಹೊಡೆತ ಮಾತ್ರ ಸಿಗುವುದಿಲ್ಲ.

ನಿದ್ದೆಗೆಟ್ಟವ

ನಾನು ಓದಿದವನಲ್ಲ, ತಪ್ಪು ತಿಳಿಯಬೇಡಿ. ಮದುವೆಯಾಗಿ ಕೆಲವು ವರ್ಷ ಆಯ್ತು, ಮಕ್ಕಳಾಗಿಲ್ಲ. ರಿಪೋರ್ಟ್‌ನಲ್ಲಿ ಒಟ್ಟು ಚಲನೆ 31, ಮುಂದೆ ಹೋಗುವವು 22, ಬದುಕಿರುವವು 68 ಅಂತ ಬರೆದಿದೆ. ಎಲ್ಲರೂ ಅಶ್ವಗಂಧ ತಗೋ, ನಸುಗುನ್ನಿ ತಗೋ ಅಂತಾರೆ. ಒಬ್ಬರು ಮೂರನ್ನೂ ನಾಲ್ಕನ್ನೂ ಬೆರೆಸಿದ ಕ್ಯಾಪ್ಸೂಲ್ ಕೊಟ್ಟಿದ್ದಾರೆ, ಡಬ್ಬಿ ಮೇಲೆ ಏನೇನಿದೆ ಅಂತ ಪೂರ್ತಿ ಬರೆದಿಲ್ಲ. ಮೇಲಿನದನ್ನೆಲ್ಲ ಓದಿ ಭಯ ಆಗ್ತಿದೆ. ತಗೋಬಹುದಾ ಬೇಡವಾ?

ಸೂಕ್ಷ್ಮದರ್ಶಿ

ಅಣ್ಣ, ಏನಿದೆ ಅಂತ ಬರೆಯದ ಡಬ್ಬಿ ಬೇಡ. ಅದಕ್ಕೆ ಯೋಚನೆಯೇ ಬೇಡ. ಇಂಥ ಮಿಶ್ರಣಗಳಲ್ಲಿ ಹಾರ್ಮೋನ್ ಬೆರೆಸುವವರಿದ್ದಾರೆ, ಸೀಸ ಪಾದರಸ ಸಿಕ್ಕಿದ್ದೂ ಇದೆ. ಟೆಸ್ಟೋಸ್ಟಿರಾನ್ ಏನಾದರೂ ಸೇರಿದ್ದರೆ ಅದಕ್ಕಿಂತ ಅನ್ಯಾಯ ಇಲ್ಲ. ಹೊರಗಿನಿಂದ ಬಂದ ಟೆಸ್ಟೋಸ್ಟಿರಾನ್ ನೋಡಿ ಮೆದುಳು ತನ್ನ ಸೂಚನೆ ನಿಲ್ಲಿಸುತ್ತದೆ, ವೃಷಣದಲ್ಲಿ ವೀರ್ಯಾಣು ಹುಟ್ಟುವುದೇ ನಿಲ್ಲುತ್ತದೆ. ಮೈಕಟ್ಟು ಬೆಳೆಸಲು ಸೂಜಿ ಹಾಕಿಸಿಕೊಂಡವರ ರಿಪೋರ್ಟ್‌ನಲ್ಲಿ ಸೊನ್ನೆ ಬರುವುದು ಇದಕ್ಕೇ.

ಈಗ ನಿಮ್ಮ ಅಂಕಿಗಳು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಗೆರೆ ಒಟ್ಟು ಚಲನೆಗೆ 42, ಮುಂದೆ ಹೋಗುವುದಕ್ಕೆ 30, ಬದುಕಿರುವುದಕ್ಕೆ 54 ಶೇಕಡಾ. ಇದು ಪಾಸು ಫೇಲಿನ ಗೆರೆ ಅಲ್ಲ. ಒಂದು ವರ್ಷದೊಳಗೆ ಸಂಗಾತಿ ಗರ್ಭಿಣಿಯಾದ ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ 5 ಶೇಕಡಾ ಜನ ಇದಕ್ಕಿಂತ ಕೆಳಗೇ ಇದ್ದರು, ಆದರೂ ಅವರಿಗೆ ಮಕ್ಕಳಾದವು. ನಿಮ್ಮದರಲ್ಲಿ ಗಮನಿಸಬೇಕಾದ್ದು ಬೇರೆ. 68 ಬದುಕಿವೆ, 31 ಮಾತ್ರ ಅಲ್ಲಾಡುತ್ತಿವೆ. ಅಂದರೆ ನಿಂತಿರುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಜೀವಂತ ಇವೆ. ನಾವು ಇಯೋಸಿನ್-ನೈಗ್ರೋಸಿನ್ ಬಣ್ಣ ಹಾಕಿದಾಗ ಕಪ್ಪು ಹಿನ್ನೆಲೆಯಲ್ಲಿ ಬದುಕಿದ್ದರ ತಲೆ ಬೆಳ್ಳಗೆ ಉಳಿಯುತ್ತದೆ, ಸತ್ತದ್ದರ ಪೊರೆ ಒಡೆದು ಬಣ್ಣ ಒಳಗಿಳಿದು ಗುಲಾಬಿಯಾಗುತ್ತದೆ. ಬೆಳ್ಳಗಿದ್ದೂ ಅಲ್ಲಾಡದೆ ಬಿದ್ದಿರುವವಕ್ಕೆ ಕಾರಣ ಬೇರೆ ಬೇರೆ ಇರುತ್ತದೆ. ಬಾಲದ ರಚನೆಯ ದೋಷ ಇರಬಹುದು, ವೀರ್ಯಾಣು ವಿರುದ್ಧದ ಆಂಟಿಬಾಡಿ ಇರಬಹುದು, ಅಥವಾ ಸ್ಯಾಂಪಲ್ ತರುವಾಗ ತಣ್ಣಗಾಗಿದ್ದಿರಬಹುದು. ಪರೀಕ್ಷೆ ಸಾಧ್ಯವಾದರೆ 30 ನಿಮಿಷದಲ್ಲಿ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಆಗಬೇಕು. ನಿಮ್ಮದು ಎಷ್ಟು ಹೊತ್ತಿಗೆ ಆಯ್ತು ಅಂತ ರಿಪೋರ್ಟ್‌ನಲ್ಲೇ ಇರಬೇಕು, ನೋಡಿ.

ಒಂದೇ ರಿಪೋರ್ಟ್ ನಂಬಬೇಡಿ, ಇನ್ನೊಮ್ಮೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಜೋರು ಜ್ವರ ಬಂದಿತ್ತಾ? ಅದರ ಪೆಟ್ಟು ಈಗಿನ ರಿಪೋರ್ಟ್‌ನಲ್ಲಿ ಕಾಣುತ್ತದೆ. ಗಂಡಸರ ತೊಂದರೆ ನೋಡುವ ಡಾಕ್ಟರ್ ಹತ್ತಿರ ಕೈಯಲ್ಲಿ ಮುಟ್ಟಿ ಪರೀಕ್ಷೆ ಮಾಡಿಸಿಕೊಳ್ಳಿ. ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಒಟ್ಟು ಗಂಡಸರಲ್ಲಿ ಸುಮಾರು 15 ಶೇಕಡಾ ಜನಕ್ಕೆ ಇರುತ್ತದೆ, ಮಕ್ಕಳಾಗದ ಗಂಡಸರಲ್ಲಿ 40ರ ಹತ್ತಿರ. ಅದನ್ನು ಯಾವ ಪುಡಿಯೂ ಇಳಿಸುವುದಿಲ್ಲ.

ಮೂಲಿಕೆಮನೆ

ಎಲ್ಲವನ್ನೂ ಹೀಗೆ ತಳ್ಳಿಹಾಕುವುದು ಸರಿ ಅಲ್ಲ ಸರ್. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ರಸಾಯನ ಮುಗಿದ ಕೂಡಲೇ ಅದೇ ಅಧ್ಯಾಯ. ಅಲ್ಲಿ ಹೇಳಿದ್ದು ಇಡೀ ಬೇರು, ಇಡೀ ಬೀಜ. ಹೆಕ್ಸೇನ್‌ನಲ್ಲಿ ಎಳೆದು ಗಾಜಿನ ತಟ್ಟೆಯಲ್ಲಿ ಸುರಿಯಲು ಯಾರೂ ಹೇಳಿಲ್ಲ. ಮೇಲಿನ ಪಟ್ಟಿಯಲ್ಲಿ ವಿಷದ ಬಳ್ಳಿ, ಸೋಪಿನ ಕಾಯಿ ಎಲ್ಲ ಬಂತು, ಅಶ್ವಗಂಧದ ಅಧ್ಯಯನ ಮಾತ್ರ ಯಾರಿಗೂ ನೆನಪಾಗಲಿಲ್ಲ. 2013ರಲ್ಲಿ 46 ಗಂಡಸರ ಮೇಲೆ ದಿನಕ್ಕೆ 675 ಮಿಲಿಗ್ರಾಂ ಬೇರಿನ ಸತ್ವ 90 ದಿನ ಕೊಟ್ಟಿದ್ದಾರೆ. ಸಂಖ್ಯೆ 167 ಶೇಕಡಾ, ಚಲನೆ 57 ಶೇಕಡಾ ಏರಿದೆ. ಪ್ಲಸೀಬೋ, ಅಂದರೆ ಔಷಧಿ ಇಲ್ಲದ ಹುಸಿ ಮಾತ್ರೆ ಕೊಟ್ಟ ಗುಂಪೂ ಇತ್ತು. ಇದು ಸಾಕ್ಷಿ ಅಲ್ವಾ?

ಎಲೆಮರೆಕಾಯಿ

ಸಾಕ್ಷಿಯೇ. ಆದರೆ 46 ಜನರ ಸಾಕ್ಷಿ. ಅದರಲ್ಲಿ ಅರ್ಧಕ್ಕೆ ಮಾತ್ರ ಅಶ್ವಗಂಧ ಸಿಕ್ಕಿದ್ದು ಅಂತ ಇಟ್ಟುಕೊಂಡು ನೋಡಿ. ಸಂಖ್ಯೆ ತೀರಾ ಕಡಿಮೆ ಇದ್ದವರನ್ನೇ ಆರಿಸಿದಾಗ ಎರಡನೇ ಸಲ ಅಳೆದರೆ ಕೆಲವರದು ತಾನಾಗೇ ಮೇಲೆ ಬರುತ್ತದೆ, ವೀರ್ಯದ ಅಂಕಿ ವಾರದಿಂದ ವಾರಕ್ಕೆ ಅಷ್ಟು ಏರುಪೇರು. ಲಕ್ನೋದಿಂದ 2010ರಲ್ಲಿ ಬಂದ 75 ಜನರ ಅಧ್ಯಯನವೂ ಒಳ್ಳೆಯ ಕಡೆಗೇ ತೋರಿಸುತ್ತದೆ, ಇಲ್ಲ ಅನ್ನಲ್ಲ. ದೊಡ್ಡದು ಬರಲಿ.

ಯಾಕೆ ಇಷ್ಟು ಹಠ ಅಂದರೆ, ದೊಡ್ಡದು ಬಂದಾಗ ಏನಾಗಿದೆ ನೋಡಿ. ಕೇಸರಿಯ ಮೇಲೆ ಬಹಳ ನಂಬಿಕೆ ಇತ್ತು. 2011ರಲ್ಲಿ 260 ಗಂಡಸರಿಗೆ ದಿನಕ್ಕೆ 60 ಮಿಲಿಗ್ರಾಂ 26 ವಾರ ಕೊಟ್ಟ ಅಧ್ಯಯನದಲ್ಲಿ ಪ್ಲಸೀಬೋಗಿಂತ ಏನೂ ಜಾಸ್ತಿ ಸಿಗಲಿಲ್ಲ. ಗಿಡ ಅಲ್ಲದಿದ್ದರೂ ಅದೇ ಆಂಟಿಆಕ್ಸಿಡೆಂಟ್ ವಾದದ ಮೇಲೆ ನಿಂತಿದ್ದ ಮಾಕ್ಸಿ ಟ್ರಯಲ್ 2020ರಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ ಎಲ್ಲ ಸೇರಿಸಿ ಕೊಟ್ಟು ನೋಡಿತು, ಚಲನೆ ಸುಧಾರಿಸಲಿಲ್ಲ. ಅದೇ ವರ್ಷ 2,370 ಜೋಡಿಗಳ ಮೇಲೆ ಫೋಲಿಕ್ ಆಸಿಡ್ ಮತ್ತು ಜಿಂಕ್ ನೋಡಿದರು, ಹುಟ್ಟಿದ ಮಕ್ಕಳ ಸಂಖ್ಯೆಯಲ್ಲಿ ವ್ಯತ್ಯಾಸವೇ ಬರಲಿಲ್ಲ. ಚಿಕ್ಕ ಅಧ್ಯಯನಗಳಲ್ಲಿ ಇವೆಲ್ಲ ಭರ್ಜರಿಯಾಗಿ ಕಂಡಿದ್ದವೇ.

ಇಡೀ ಬೇರು ಬೇರೆ, ಸತ್ವ ಬೇರೆ ಅಂದಿರಲ್ಲ, ಅದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ತಟ್ಟೆಯಲ್ಲಿ ಕಂಡದ್ದನ್ನು ಡಬ್ಬಿ ಮೇಲೆ ಬರೆಯಬಾರದು ಅನ್ನುವುದು. ತಟ್ಟೆಯಲ್ಲಿ ಸತ್ವ ನೇರವಾಗಿ ವೀರ್ಯಾಣುವಿನ ಮೈಮೇಲೆ ಬೀಳುತ್ತದೆ. ನುಂಗಿದ್ದು ಜಠರ, ಕರುಳು, ಪಿತ್ತಜನಕಾಂಗ ಎಲ್ಲ ದಾಟಬೇಕು. ಅಲ್ಲೇ ಅದರ ರೂಪ ಬದಲಾಗುತ್ತದೆ, ಪಾಲಿಫಿನಾಲ್‌ಗಳಂತೂ ರಕ್ತಕ್ಕೆ ಸೇರುವುದು ಚೂರುಪಾರು. ಆಮೇಲೆ ವೃಷಣದ ಸುತ್ತ ಇರುವ ತಡೆಗೋಡೆ ಬೇರೆ. ಇಷ್ಟೆಲ್ಲ ದಾಟಿ ಪರಿಣಾಮ ಬೀರಿತು ಅಂತಲೇ ಇಟ್ಟುಕೊಳ್ಳಿ, ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ವೃಷಣದ ಹಿಂದಿನ ನಾಳವಾದ ಎಪಿಡಿಡಿಮಿಸ್‌ನಲ್ಲಿ ಮಾಗಲು ಇನ್ನಷ್ಟು ದಿನ. ಎರಡು ವಾರದಲ್ಲಿ ಗೊತ್ತಾಗುತ್ತೆ ಅನ್ನುವವರು ಈ ಲೆಕ್ಕ ಹಾಕಿಲ್ಲ.

ಇನ್ನು "ಗಿಡ ಅಲ್ವಾ, ಏನೂ ಆಗಲ್ಲ" ಅನ್ನೋ ಮಾತು. ಅಶ್ವಗಂಧದಿಂದ ಪಿತ್ತಜನಕಾಂಗಕ್ಕೆ ಪೆಟ್ಟಾದ ಪ್ರಕರಣಗಳು ದಾಖಲಾಗಿವೆ, ಥೈರಾಯ್ಡ್ ಹಾರ್ಮೋನ್ ಏರಿಸಬಲ್ಲದು, ಡೆನ್ಮಾರ್ಕ್ 2023ರಲ್ಲಿ ನಿಷೇಧವನ್ನೇ ಹಾಕಿತು. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ, ಅದು ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿ. ಬೇರೆ ಮಾತ್ರೆ ತಿನ್ನುವವರು ಹೇಳದೆ ಕೇಳದೆ ಸೇರಿಸಿಕೊಂಡರೆ ಎಡವಟ್ಟು.

ಮೂಲಿಕೆಮನೆ

ವೈದ್ಯರನ್ನು ಕೇಳದೆ ತಿನ್ನಿ ಅಂತ ನಾನೂ ಹೇಳಲ್ಲ. ನನ್ನ ಬೇಸರ ಒಂದೇ. ಕೊಲ್ಲುವುದನ್ನು ಪರೀಕ್ಷೆ ಮಾಡಲು ದುಡ್ಡು ಸಿಕ್ಕಿದೆ, ಕಾಪಾಡುವುದಕ್ಕೆ ಸಿಕ್ಕಿಲ್ಲ.

ಹಿಮದಕಡ್ಡಿ

ಕಾಪಾಡುವುದಕ್ಕೂ ಸಿಕ್ಕಿದೆ, ನೀವು ನೋಡುತ್ತಿರುವ ಜಾಗ ಬೇರೆ ಅಷ್ಟೇ! ನಾನು ಹೋರಿಗಳ ವೀರ್ಯ ಫ್ರೀಜ್ ಮಾಡುವ ಕೇಂದ್ರದಲ್ಲಿ ಇದ್ದೆ. ಗಿಡದ ಸತ್ವ ನಿಜವಾಗಿ ಕೆಲಸಕ್ಕೆ ಬರುವುದು ಅಲ್ಲಿ ಅನ್ನುವುದು ನನ್ನ ಅಭಿಪ್ರಾಯ.

1949ರಲ್ಲಿ ಗ್ಲಿಸರಾಲ್ ಹಾಕಿದರೆ ವೀರ್ಯಾಣು ಹೆಪ್ಪುಗಟ್ಟಿದರೂ ಬದುಕುತ್ತವೆ ಅಂತ ಇಂಗ್ಲೆಂಡಿನಲ್ಲಿ ಪೋಲ್ಜ್, ಸ್ಮಿತ್, ಪಾರ್ಕ್ಸ್ ಕಂಡುಕೊಂಡರು. ಇವತ್ತಿಗೂ ಅದೇ ಆಧಾರ. ಆದರೂ ಮೈನಸ್ 196 ಡಿಗ್ರಿಗೆ ಇಳಿಸಿ ಮತ್ತೆ ಕರಗಿಸುವಷ್ಟರಲ್ಲಿ ಸುಮಾರು ಅರ್ಧದಷ್ಟು ಹಾಳಾಗುತ್ತವೆ. ಮಂಜಿನ ಹರಳು ಪೊರೆ ಹರಿಯುತ್ತದೆ, ಉಳಿದದ್ದನ್ನು ಆಕ್ಸಿಡೀಕರಣ ತಿನ್ನುತ್ತದೆ. ಇಲ್ಲೇ ರೋಸ್‌ಮೇರಿ, ಗ್ರೀನ್ ಟೀ ಥರದ ಸತ್ವಗಳನ್ನು ದ್ರಾವಣಕ್ಕೆ ಚೂರು ಹಾಕಿ ಹೋರಿ, ಟಗರು, ಹಂದಿಗಳಲ್ಲಿ ಪ್ರಯೋಗ ಮಾಡಿದ್ದಾರೆ. ಸರಿಯಾದ ಪ್ರಮಾಣದಲ್ಲಿ ಕರಗಿಸಿದ ಮೇಲಿನ ಚಲನೆ ಸುಧಾರಿಸಿದೆ, ಜಾಸ್ತಿಯಾದಲ್ಲಿ ಕೆಟ್ಟಿದೆ. ಕೋಳಿ ಮೊಟ್ಟೆಯ ಹಳದಿ ಬದಲಿಗೆ ಸೋಯಾ ಲೆಸಿಥಿನ್ ಹಾಕಿದ ದ್ರಾವಣಗಳಂತೂ ಮಾಮೂಲಿ ಬಳಕೆಯಲ್ಲೇ ಇವೆ. ಅದೂ ಗಿಡದಿಂದಲೇ ಬಂದದ್ದು.

ಇಲ್ಲಿ ಹೊಟ್ಟೆ, ಪಿತ್ತಜನಕಾಂಗದ ಪ್ರಶ್ನೆಯೇ ಬರುವುದಿಲ್ಲ. ಕಾಲು ಮಿಲಿಲೀಟರ್ ಸ್ಟ್ರಾದೊಳಗೆ ಸತ್ವ, ವೀರ್ಯಾಣು ಎರಡೂ ಮೈಗೆ ಮೈ ತಾಗಿಸಿಕೊಂಡು ಇರುತ್ತವೆ. ತಟ್ಟೆಯ ಫಲಿತಾಂಶ ಇಲ್ಲಿ ನೇರವಾಗಿ ನಡೆಯುತ್ತದೆ.

ಸೂಕ್ಷ್ಮದರ್ಶಿ

ಇದು ಪಾಯಿಂಟ್. ಗರ್ಭನಿರೋಧಕ ಕ್ರೀಮ್‌ನ ವಿಷಯಕ್ಕೂ ಅದೇ ಮಾತು, ಅಲ್ಲೂ ನೇರ ಸಂಪರ್ಕ. ಆದರೆ ಅಲ್ಲಿ ಇನ್ನೊಂದು ತೊಡಕು. ವೀರ್ಯಾಣುವಿನ ಪೊರೆ ಹರಿಯುವ ವಸ್ತು ಯೋನಿಯ ಒಳಪದರವನ್ನೂ ಕೆರಳಿಸಬಹುದು. ನಾನಾಕ್ಸಿನಾಲ್-9 ಎಂಬ ವೀರ್ಯಾಣು ಕೊಲ್ಲುವ ರಾಸಾಯನಿಕ ಹೀಗೇ ಪದರ ಕೆಡಿಸಿ, ಪದೇ ಪದೇ ಬಳಸಿದ ಹೆಂಗಸರಲ್ಲಿ ಎಚ್‌ಐವಿ ಅಪಾಯವನ್ನು ಹೆಚ್ಚಿಸಿತು. ಗಿಡದ ಸಪೋನಿನ್ ಆದರೂ ಅದೇ ಪರೀಕ್ಷೆ ದಾಟಲೇಬೇಕು.

ನಿದ್ದೆಗೆಟ್ಟವ

ಸರ್, ರಿಪೋರ್ಟ್ ತೆಗೆದು ನೋಡಿದೆ. ಸ್ಯಾಂಪಲ್ ಕೊಟ್ಟ ಸಮಯ ಇದೆ, ನೋಡಿದ ಸಮಯ ಬರೆದೇ ಇಲ್ಲ. ಜ್ವರ ಬಂದಿತ್ತು, ಎರಡು ತಿಂಗಳ ಹಿಂದೆ, ಒಂದು ವಾರ ಮಲಗಿದ್ದೆ. ಬೇರೆ ಲ್ಯಾಬ್‌ನಲ್ಲಿ ಮಾಡಿಸ್ತೀನಿ. ಕ್ಯಾಪ್ಸೂಲ್ ಪಕ್ಕಕ್ಕಿಟ್ಟಿದ್ದೀನಿ.

ಸೂಕ್ಷ್ಮದರ್ಶಿ

ಒಳ್ಳೇದು. ಜ್ವರ ಬಿಟ್ಟು ಮೂರು ತಿಂಗಳು ತುಂಬಿದ ಮೇಲೆ ಮಾಡಿಸಿ. ಹಿಂದಿನ ಸಲ ವೀರ್ಯ ಹೊರಬಂದದ್ದಕ್ಕೂ ಸ್ಯಾಂಪಲ್ ಕೊಡುವುದಕ್ಕೂ 2ರಿಂದ 7 ದಿನದ ಅಂತರ ಇರಲಿ, ಎರಡು ಸಲವೂ ಹೆಚ್ಚುಕಡಿಮೆ ಒಂದೇ ಅಂತರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹೋಲಿಸಲು ಬರಲ್ಲ. ಡಾಕ್ಟರ್ ಹತ್ತಿರ ಹೋಗಲು ಮಾತ್ರ ಅಲ್ಲಿಯವರೆಗೆ ಕಾಯಬೇಡಿ. ಮನೆಯವರ ಪರೀಕ್ಷೆಯೂ ಜೊತೆಗೇ ಆಗಲಿ.

ಮೂರನೇಬೆಂಚು

ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನಾನು ಹೋರಿ ವೀರ್ಯದಲ್ಲೇ ಮಾಡುತ್ತೇನೆ. ಮನುಷ್ಯರ ಸ್ಯಾಂಪಲ್‌ಗೆ ನೈತಿಕ ಸಮಿತಿಯ ಅನುಮತಿ ಬೇಕು, ನನ್ನ ಅವಧಿಯೊಳಗೆ ಅದು ಆಗುವ ಹಾಗೆ ಕಾಣಲ್ಲ. ಬರೀ ಸತ್ವ ಹಾಕಿದ್ದು, ಹಾಕದ್ದು ಅಂತ ಎರಡೇ ಗುಂಪು ಇಟ್ಟರೆ ಸಾಕಾಗಲ್ಲ ಅಂತ ಗೊತ್ತಾಯ್ತು. ಇನ್ನೇನು ಗಮನಿಸಬೇಕು?

ಹಿಮದಕಡ್ಡಿ

ಕರಗಿಸುವ ದ್ರವ ಮಾತ್ರ ಹಾಕಿದ ಗುಂಪು ಕಡ್ಡಾಯ. ಒಂದೇ ಪ್ರಮಾಣ ಸಾಲದು, ಕಡಿಮೆಯಿಂದ ಹೆಚ್ಚಿಗೆ ಐದಾರು ಮೆಟ್ಟಿಲು ಇರಲಿ. ಪ್ರತಿ ಮೆಟ್ಟಿಲಲ್ಲೂ ಪಿಎಚ್ ಮತ್ತು ಆಸ್ಮೊಲಾಲಿಟಿ, ಅಂದರೆ ದ್ರಾವಣ ಎಷ್ಟು ತೆಳು ಎಷ್ಟು ಗಟ್ಟಿ ಅನ್ನೋ ಅಳತೆ, ಎರಡನ್ನೂ ಅಳೆದು ಬರೆಯಿರಿ. ಸ್ಟ್ರಾವನ್ನು 37 ಡಿಗ್ರಿ ನೀರಿನಲ್ಲಿ 30 ಸೆಕೆಂಡ್ ಕರಗಿಸಿ, ಸ್ಲೈಡು ಕವರ್‌ಸ್ಲಿಪ್ಪು ಎಲ್ಲ ಮೊದಲೇ ಬೆಚ್ಚಗಿರಲಿ. ತಣ್ಣನೆ ಗಾಜಿನ ಮೇಲೆ ಹಾಕಿದರೆ ನೋಡನೋಡುತ್ತಲೇ ನಿಧಾನವಾಗುತ್ತವೆ, ಆಮೇಲೆ ಸತ್ವದ ಮೇಲೆ ಗೂಬೆ ಕೂರಿಸುತ್ತೀರಿ.

ಸೂಕ್ಷ್ಮದರ್ಶಿ

ಎಣಿಸುವವರಿಗೆ ಯಾವ ಟ್ಯೂಬ್ ಯಾವುದು ಅಂತ ಗೊತ್ತಿರಬಾರದು. ಪ್ರತಿಯೊಂದರಲ್ಲೂ ಕಡಿಮೆಯೆಂದರೆ 200 ವೀರ್ಯಾಣು, ಎರಡೆರಡು ಸಲ. ಬದುಕಿದೆಯಾ ಅಂತ ನೋಡಲು, ಜೀವಂತ ಕೋಶ ಬಣ್ಣ ಬರಿಸುವ ಎಂಟಿಟಿ ಪರೀಕ್ಷೆ ಒಂದನ್ನೇ ನಂಬಬೇಡಿ, ಪಾಲಿಫಿನಾಲ್ ಇರುವ ಸತ್ವ ಜೀವಕೋಶ ಇಲ್ಲದೆಯೂ ಆ ಬಣ್ಣ ಬರಿಸಿಬಿಡುತ್ತದೆ. ಇಯೋಸಿನ್ ಜೊತೆಗಿರಲಿ.

ಮತ್ತೆ ಚಲನೆ ನಿಂತ ಟ್ಯೂಬನ್ನು ಚೆಲ್ಲಬೇಡಿ. ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಸತ್ವ ತೊಳೆದು ತೆಗೆದು, ಹೊಸ ದ್ರಾವಣದಲ್ಲಿ 37 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ತೊಳೆಯುವಾಗಲೂ ಒಂದಷ್ಟು ಸಾಯುತ್ತವೆ, ಆದ್ದರಿಂದ ಸತ್ವ ಹಾಕದ ಟ್ಯೂಬನ್ನೂ ಹಾಗೇ ತೊಳೆಯಿರಿ. ಮತ್ತೆ ಓಡಲು ಶುರು ಮಾಡಿದರೆ ನಿಮ್ಮ ಸತ್ವ ಬರೀ ನಿಲ್ಲಿಸಿತ್ತು. ಓಡದೆ, ತಲೆ ಗುಲಾಬಿಯಾಗಿದ್ದರೆ ಕೊಂದಿದೆ. ಓಡುತ್ತಲೂ ಇಲ್ಲ, ತಲೆ ಬೆಳ್ಳಗೇ ಇದೆ ಅಂದರೆ ಇಲ್ಲಿ ಬಂದು ಹೇಳಿ, ಪ್ರಾಜೆಕ್ಟ್‌ನ ಮಜಾ ಅಲ್ಲೇ ಇರೋದು.